ಇಂದ್ರಧ್ವಜದ ಪರವಾಗಿ ಸೂರಕ್ಕಿ

ಗುಡ್ಡೆಹೊಸೂರಿನ ಪುಟ್ಟರಾಜು ರೈಟರ್ ಆಗಿದ್ದ. ರೈಟರ್ ಎಂದರೆ ಕಥೆ, ಕವನ ಬರೆಯುವ ಪೈಕಿಯಲ್ಲ. ಕಾಫಿ ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಪಿಕಿಂಗ್ ಕಾಲದಲ್ಲಿ ಯಾರು ಯಾವ ಸಾಲಿನಲ್ಲಿ ಹಣ್ಣು ಕುಯ್ಯಬೇಕೆಂದು ಕೈ ತೋರಿಸಿ, ಸಂಜೆ ಧಣಿಗಳಿಗೆ ಫೋನ್ ಮಾಡಿ ಎಲ್ಲ ಸರಿಯಾಗಿದೆ ಎಂದು ಹೇಳುವ ಹುದ್ದೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಅವನಿಗೊಂದು ಅಭ್ಯಾಸ ಅಂಟಿತ್ತು. ಯಾವ ಕಾಗದ ಬಂದರೂ ಮೇಲಿನ ದಪ್ಪಕ್ಷರವನ್ನು ಓದುವುದು, ಕೆಳಗಿನ ಸಣ್ಣಕ್ಷರವನ್ನು ದೇವರಿಗೆ ಬಿಡುವುದು. "ಮುಖ್ಯವಾದದ್ದಾಗಿದ್ರೆ ದೊಡ್ಡದಾಗೇ ಬರೀತಿದ್ರು" ಎನ್ನುವುದು ಅವನ ವಾದ. ಈ ವಾದವನ್ನು ಇಡೀ ಎಸ್ಟೇಟಿನಲ್ಲಿ ಯಾರೂ ಖಂಡಿಸಿರಲಿಲ್ಲ. ಯಾರೂ ಕೇಳಿಸಿಕೊಂಡಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಅವನ ಒಬ್ಬಳೇ ಮಗಳು ಅನುಶ್ರೀಗೆ ವಿಮಾನದಲ್ಲಿ ಗಗನಸಖಿಯ ಕೆಲಸ ಸಿಕ್ಕಿತು. ನೇಮಕದ ಪತ್ರವನ್ನು ಅವಳು ಅಪ್ಪನ ಮೊಬೈಲಿಗೆ ಕಳಿಸಿದಳು. ಪತ್ರದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ "ಇಂದ್ರಧ್ವಜ ಏರ್‌ವೇಸ್" ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೇನೋ ಇತ್ತು. ಪುಟ್ಟರಾಜು ದಪ್ಪಕ್ಷರಕ್ಕೇ ಓದು ಮುಗಿಸಿ ಕಣ್ಣೊರೆಸಿಕೊಂಡ.

ಸಂಜೆ ಫೋನಿನಲ್ಲಿ ಮಗಳು ಬಿಡಿಸಿ ಹೇಳಿದಳು. "ಅಪ್ಪ, ಸರಿಯಾಗಿ ಕೇಳಿಸ್ಕೊ. ನಾನು ಸೇರಿರೋದು ಸೂರಕ್ಕಿ ಏರ್ ಅಂತ ಒಂದು ಚಿಕ್ಕ ಕಂಪನಿ. ನಾವು ಇಂದ್ರಧ್ವಜದವರ ಪರವಾಗಿ ವಿಮಾನ ಓಡಿಸ್ತೀವಿ. ಚಿಕ್ಕಚಿಕ್ಕ ಊರುಗಳಿಗೆ ಅವರು ಬರಲ್ಲ, ಅವರ ಹೆಸರಲ್ಲಿ ನಾವು ಹೋಗ್ತೀವಿ. ಟಿಕೆಟ್ ಮಾರೋರು ಅವರು, ವಿಮಾನದ ಮೇಲಿನ ಬಣ್ಣ ಅವರದು. ಪೈಲಟ್ಟು, ನಾವು, ನಟ್ಟು-ಬೋಲ್ಟು ನೋಡ್ಕೊಳ್ಳೋರು, ಎಲ್ಲ ಸೂರಕ್ಕಿಯವರು. ಗೊತ್ತಾಯ್ತಾ?"

"ಗೊತ್ತಾಯ್ತು ಕಣಮ್ಮ" ಎಂದ ಪುಟ್ಟರಾಜು. "ಒಟ್ನಲ್ಲಿ ಇಂದ್ರಧ್ವಜ."

ಮಗಳು, "ಅಮ್ಮನ ಹತ್ರ ಕೊಡು" ಎಂದಳು.

ಮೂರನೆಯ ದಿನ ಗುಡ್ಡೆಹೊಸೂರಿನ ಸರ್ಕಲ್ಲಿನಲ್ಲಿ ಹನ್ನೆರಡು ಅಡಿ ಅಗಲದ ಫ್ಲೆಕ್ಸ್ ಎದ್ದಿತು. ಅದರಲ್ಲಿ ನಾಲ್ಕು ಎಂಜಿನ್ನಿನ, ಎರಡು ಮಹಡಿಯ ವಿಮಾನವೊಂದು ಮೋಡ ಸೀಳಿಕೊಂಡು ಬರುತ್ತಿತ್ತು. ಪೈಲಟ್ ಕೂರುವ ಕಿಟಕಿಯಿಂದ ಅನುಶ್ರೀಯ ಪಾಸ್‌ಪೋರ್ಟ್ ಸೈಜಿನ ಮುಖ ಇಣುಕುತ್ತಿತ್ತು. "ಇಂದ್ರಧ್ವಜ ಏರ್‌ವೇಸ್‌ನ ಹೆಮ್ಮೆಯ ಗಗನಸಖಿ, ಕೊಡಗಿನ ಕುವರಿ ಕು. ಅನುಶ್ರೀ ಪುಟ್ಟರಾಜು ಅವರಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ಅಭಿಮಾನಿ ಬಳಗ." ಈ ಬಳಗದಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯರು ಎಲ್ಲ ಸೇರಿ ಒಬ್ಬನೇ ಇದ್ದ. ಅವನು ದಿನಕ್ಕೆ ಮೂರು ಸಲ ಸರ್ಕಲ್ಲಿಗೆ ಹೋಗಿ, ಏನೂ ಗೊತ್ತಿಲ್ಲದವನಂತೆ ಫ್ಲೆಕ್ಸಿನ ಕೆಳಗೆ ಬಸ್ಸಿಗೆ ಕಾಯುತ್ತಾ ನಿಲ್ಲುತ್ತಿದ್ದ. ಬಸ್ಸು ಬಂದರೆ ಹತ್ತುತ್ತಿರಲಿಲ್ಲ.

ಫ್ಲೆಕ್ಸಿನಿಂದ ಏನೂ ಪ್ರಯೋಜನವಾಗಲಿಲ್ಲ ಎನ್ನುವಂತಿಲ್ಲ. ಸೋಮವಾರಪೇಟೆಯ ಧರ್ಮೇಶ್ ಎಂಬವರು ಬಸ್ಸಿನ ಕಿಟಕಿಯಿಂದ ಅದನ್ನು ಕಂಡು, ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದುಕೊಂಡು ವಾಪಸ್ ಬಂದು, ಪೂರ್ತಿ ಓದಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರು. ಧರ್ಮೇಶ್ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರು. ಅವರಿಗೆ ನವೀನ್ ಎಂಬ ಸೋದರಳಿಯ ಇದ್ದ. ಕುಶಾಲನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ, ನೋಡಲು ಲಕ್ಷಣವಾಗಿದ್ದ, ಇನ್ನೂ ಮದುವೆಯಾಗಿರಲಿಲ್ಲ. ಅನುಶ್ರೀ ರಜೆಯಲ್ಲಿ ಬಂದಾಗ ಹುಡುಗಿ ನೋಡುವ ಶಾಸ್ತ್ರವೂ ಆಯಿತು. ಹುಡುಗ ಸೋಫಾದ ತುದಿಯಲ್ಲಿ ಕುಳಿತು ನೆಲದ ಟೈಲ್ಸ್ ನೋಡುತ್ತಿದ್ದ. ಕೇಳಿದ್ದಕ್ಕೆಲ್ಲ ಮಾವನೇ ಉತ್ತರ ಕೊಟ್ಟರು. ಪುಟ್ಟರಾಜುವಿನ ಹೆಂಡತಿ ಮುತ್ತಮ್ಮ ಕಾಫಿ ತಂದು, "ಸಕ್ಕರೆ ಸಾಕೇನಪ್ಪ?" ಎಂದು ಹುಡುಗನನ್ನು ಕೇಳಿದರೆ, "ಸಾಕು ಅವನಿಗೆ" ಎಂದರು ಧರ್ಮೇಶ್. ಎರಡೂ ಕಡೆ ಒಪ್ಪಿಗೆಯಾಗಿದೆಯೆಂದು ಹೊರಡುವಾಗ ಧರ್ಮೇಶರೇ ಘೋಷಿಸಿ, ನಿಶ್ಚಿತಾರ್ಥಕ್ಕೆ ತಿಂಗಳೊಪ್ಪತ್ತಿನಲ್ಲಿ ದಿನ ಹಿಡಿದರು.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಆದರೆ ಪಕ್ಕದ ಮನೆಯ ಬೋಜಪ್ಪನವರಿಗೆ ಕಣ್ಣು ಬಂತು.

ಬೋಜಪ್ಪನವರು ನಿವೃತ್ತ ಪೋಸ್ಟ್ ಮಾಸ್ಟರು. ಆರೇಳು ವರ್ಷದಿಂದ ಪೊರೆ ಬೆಳೆದು ಅವರಿಗೆ ಜಗತ್ತು ಮಂಜಿನ ಕಾಲದ ಘಾಟಿಯಂತೆ ಕಾಣುತ್ತಿತ್ತು. ಮಗ ಚೆನ್ನೈಗೆ ಕರೆಸಿಕೊಂಡು ಆಪರೇಷನ್ ಮಾಡಿಸಿ, ಮೈಸೂರಿನವರೆಗೆ ವಿಮಾನ ಹತ್ತಿಸಿ ಕಳಿಸಿದ. ಹೊಸ ಕಣ್ಣು ಬಂದವರು ಏನಾದರೂ ಓದಲೇಬೇಕಲ್ಲ. ವಿಮಾನದಲ್ಲಿ ಓದಲು ಕೈಯಲ್ಲಿದ್ದದ್ದು ಬೋರ್ಡಿಂಗ್ ಪಾಸ್ ಒಂದೇ. ಒಂದು ಗಂಟೆ ಅದನ್ನೇ ಓದಿದರು. ಮನೆಗೆ ಬಂದವರು ಕಾಲು ತೊಳೆಯುವ ಮೊದಲೇ ಬೇಲಿಯ ಹತ್ತಿರ ಬಂದು ಪುಟ್ಟರಾಜುವನ್ನು ಕರೆದರು.

"ಪುಟ್ಟರಾಜು, ಇಲ್ಲಿ ಬನ್ನಿ ಮಾರಾಯ್ರೆ. ನಿಮ್ಮ ಮಗ್ಳು ಯಾವ ಕಂಪನಿ ಹೇಳಿದ್ರಿ?"

"ಇಂದ್ರಧ್ವಜ."

"ಇಲ್ಲಿ ಕೆಳಗೆ ನೋಡಿ, ಎಂತ ಉಂಟು ಅಂತ. ಆಪರೇಟೆಡ್ ಬೈ ಸೂರಕ್ಕಿ ಏರ್. ನಾನು ಕೂತದ್ದು ಇಂದ್ರಧ್ವಜದ ವಿಮಾನವೇ ಅಲ್ಲ. ನಾನು ಹಾರಿದ್ದು ಇವರ ಹತ್ರ, ಟಿಕೆಟ್ ಅವರ ಹತ್ರ. ನಿಮ್ಮ ಮಗ್ಳನ್ನೂ ಕಂಡೆ. ಚೆಂದ ಮಾಡಿ ನೀರು ಕೊಟ್ಟಳು. ಆದ್ರೆ ಅವಳು ಸೂರಕ್ಕಿ ಅಲ್ಲವಾ?"

ಪುಟ್ಟರಾಜು ಬೋರ್ಡಿಂಗ್ ಪಾಸನ್ನು ತಿರುಗಿಸಿ ನೋಡಿದ. ಇರುವೆ ಸಾಲಿನಂಥ ಅಕ್ಷರ. "ಅದು ಪ್ರೆಸ್ಸಿನವರ ಹೆಸರಿರ್ಬೇಕು ಬೋಜಪ್ಪಣ್ಣ" ಎಂದ. "ಲಗ್ನಪತ್ರಿಕೆ ಕೆಳಗೆ ಹಾಕ್ತಾರಲ್ಲ, ಹಂಗೆ."

ಬೋಜಪ್ಪನವರು ಕೆಟ್ಟವರಲ್ಲ. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಮೂವತ್ತು ವರ್ಷ ಬೇರೆಯವರ ಸುದ್ದಿಯನ್ನು ಒಡೆಯದೆ ತಲುಪಿಸಿದ ಮನುಷ್ಯ ನಿವೃತ್ತಿಯಾದ ಮೇಲೆ ಒಡೆದು ತಲುಪಿಸಿದರೆ ತಪ್ಪೇನು? ಅವರು ಟೀ ಅಂಗಡಿಗೆ ಹೋಗಿ ಇದ್ದ ವಿಷಯ ಇದ್ದಂತೆಯೇ ಹೇಳಿದರು. ಟೀ ಅಂಗಡಿಯಿಂದ ಹೊರಟ ಸುದ್ದಿ ಆಳುಗಳಿರುವ ಎಸ್ಟೇಟಿನ ಲೈನುಮನೆಗಳಿಗೆ ತಲುಪುವಾಗ "ಸೂರಕ್ಕಿ"ಯಲ್ಲಿ ಸೂರು ಉದುರಿಹೋಗಿ ಅಕ್ಕಿ ಮಾತ್ರ ಉಳಿದಿತ್ತು.

ಮರುದಿನ ಬೆಳಿಗ್ಗೆ ಹಾಜರಿಯ ಹೊತ್ತಿಗೆ ದೊಡ್ಡಿ ಎಂಬ ಹಿರಿಯ ಆಳು ತಲೆವಸ್ತ್ರ ಸರಿಮಾಡಿಕೊಂಡು ಮುಂದೆ ಬಂದಳು. "ರೈಟ್ರೇ, ಮಗಳಿಗೆ ಅಕ್ಕಿ ಕಂಪನೀಲಿ ಕೆಲ್ಸ ಸಿಕ್ತಂತೆ. ಒಳ್ಳೇದಾಯ್ತು. ನಮ್ಗೂ ಒಂದೆರಡು ಮೂಟೆ ನುಚ್ಚು ಹೇಳಿ ಕೊಡಿಸಿ."

"ಅಕ್ಕಿ ಅಲ್ಲ ಕಣೇ, ಸೂರಕ್ಕಿ. ಅದು ಹಕ್ಕಿ. ಹೂವಿನ ಜೇನು ಕುಡಿಯುತ್ತಲ್ಲ, ಅದು" ಎಂದ ಪುಟ್ಟರಾಜು. ಬಾಯಿ ತಪ್ಪಿ ಸತ್ಯ ಹೊರಬಿದ್ದಿತ್ತು.

"ಹಕ್ಕಿ ಕಂಪನಿಯಾ?" ಎಂದು ದೊಡ್ಡಿ ನಿಟ್ಟುಸಿರಿಟ್ಟಳು. "ಅಕ್ಕಿಯಾದ್ರೂ ವಾಸಿ ಇತ್ತು."

ಸುದ್ದಿ ಕುಶಾಲನಗರ ಮುಟ್ಟುವಷ್ಟರಲ್ಲಿ ಅನುಶ್ರೀ ಮೈಸೂರಿನ ಅಕ್ಕಿ ಗಿರಣಿಯೊಂದರಲ್ಲಿ ಬಿಲ್ ಬರೆಯುತ್ತಿದ್ದಳು. ಸೋಮವಾರಪೇಟೆ ಮುಟ್ಟುವಷ್ಟರಲ್ಲಿ ಗಗನಸಖಿಯ ಉಡುಪನ್ನು ನಾಟಕದ ಡ್ರೆಸ್ ಕೊಡುವವರಿಂದ ಬಾಡಿಗೆಗೆ ತಂದು ಫೋಟೋ ತೆಗೆಸಿಕೊಂಡಿದ್ದಳು. ಧರ್ಮೇಶ್ ಅರ್ಧ ದಿನ ರಜೆ ಹಾಕಿ ಗುಡ್ಡೆಹೊಸೂರಿಗೆ ಬಂದರು.

ಧರ್ಮೇಶರ ದೃಷ್ಟಿಯಲ್ಲಿ ಸೀಲು ಬೀಳದ ಸಂಗತಿ ಜಗತ್ತಿನಲ್ಲಿ ನಡೆದಿರುವುದೇ ಇಲ್ಲ. ತಮ್ಮ ತಾಯಿಗೆ ಜ್ವರ ಬಂದಾಗಲೂ ಅವರು ವೈದ್ಯರ ಚೀಟಿ ಕಾಣುವವರೆಗೆ ಗಾಬರಿಯಾಗಿರಲಿಲ್ಲವಂತೆ. ಸೋಫಾದಲ್ಲಿ ನೆಟ್ಟಗೆ ಕುಳಿತು, "ಪುಟ್ಟರಾಜು ಅವರೇ, ನಮ್ಗೆ ನಿಮ್ಮ ಮೇಲೆ ಅನುಮಾನ ಇಲ್ಲ" ಎಂದು ಅನುಮಾನದಿಂದ ಹೇಳಿದರು. "ಆದ್ರೆ ನವೀನ್ ಪರವಾಗಿ ನಾನು ಜವಾಬ್ದಾರಿ ಹೊತ್ತೋನು. ಹುಡುಗಿ ಇಂದ್ರಧ್ವಜದ ನೌಕರಳು ಅಂತ ಆ ಕಂಪನಿಯಿಂದ ಒಂದು ದೃಢೀಕರಣ ಪತ್ರ ತರಿಸಿ. ಅಲ್ಲಿವರೆಗೆ ನಿಶ್ಚಿತಾರ್ಥ ತಡೆಹಿಡಿಯಲಾಗಿದೆ."

"ಎಷ್ಟು ಹೊತ್ತಿನ ಕೆಲ್ಸ ಸಾರ್, ತರಿಸ್ತೀನಿ" ಎಂದ ಪುಟ್ಟರಾಜು.

ಅಡುಗೆಮನೆಯಿಂದ ಮುತ್ತಮ್ಮ, "ಮೊದ್ಲು ಮಗೀನ ಕೇಳ್ರೀ" ಎಂದಳು. ಮಗಳನ್ನು ಕೇಳಿದರೆ ಅವಳು ಮತ್ತೆ ವಿವರಿಸುತ್ತಾಳೆ ಎಂಬ ಭಯ ಪುಟ್ಟರಾಜುವಿಗೆ. ಅವನು ನೇರವಾಗಿ ಕುಶಾಲನಗರದ ಸೈಬರ್ ಅಂಗಡಿಗೆ ಹೋಗಿ ಇಂದ್ರಧ್ವಜ ಏರ್‌ವೇಸ್‌ನ ಗ್ರಾಹಕ ಸೇವೆಗೆ ಇಮೇಲ್ ಬರೆಸಿದ. ತನ್ನ ಮಗಳು ತಮ್ಮ ಘನ ಸಂಸ್ಥೆಯಲ್ಲಿ ಸೇವೆ ಸಲ್ಲಿಸುತ್ತಿದ್ದು, ಆ ಬಗ್ಗೆ ಒಂದು ಪತ್ರ ದಯಪಾಲಿಸಬೇಕೆಂದು ಬರೆಸಿ, ಉತ್ತರ ಬೇಗ ತಲುಪಲೆಂದು ಧರ್ಮೇಶರ ಇಮೇಲನ್ನೂ ಜೊತೆಗೆ ಸೇರಿಸಿದ. ತನ್ನ ಜೀವನದ ಅತ್ಯಂತ ಚುರುಕಾದ ಯೋಚನೆ ಇದೆಂದು ಅವನಿಗೆ ಅನ್ನಿಸಿತು.

ದೊಡ್ಡ ಕಂಪನಿಗಳು ಉತ್ತರ ಕೊಡುವುದಿಲ್ಲ ಎಂಬ ದೂರಿದೆ. ಅದು ಸುಳ್ಳು. ನಾಲ್ಕೇ ನಿಮಿಷದಲ್ಲಿ ಉತ್ತರ ಬಂತು. "ಪ್ರಿಯ ಗ್ರಾಹಕರೇ, ನೀವು ತಿಳಿಸಿದ ಹೆಸರಿನ ಯಾವುದೇ ಉದ್ಯೋಗಿ ನಮ್ಮಲ್ಲಿ ಇರುವುದಿಲ್ಲ. ನಮ್ಮ ಹೆಸರಿನಲ್ಲಿ ಉದ್ಯೋಗ ಕೊಡಿಸುವುದಾಗಿ ನಂಬಿಸುವ ವಂಚಕರಿದ್ದಾರೆ. ದಯವಿಟ್ಟು ಹತ್ತಿರದ ಪೊಲೀಸ್ ಠಾಣೆಗೆ ದೂರು ನೀಡಿ. ನಿಮ್ಮ ಮುಂದಿನ ಪ್ರಯಾಣ ಸುಖಕರವಾಗಿರಲಿ."

ಸೈಬರ್ ಅಂಗಡಿಯಿಂದ ಪುಟ್ಟರಾಜು ಹೊರಗೆ ಬರುವ ಮೊದಲೇ ಧರ್ಮೇಶರ ಫೋನ್ ಬಂತು. ಅವರಿಗೂ ಆ ಪತ್ರ ಅದೇ ನಾಲ್ಕು ನಿಮಿಷದಲ್ಲಿ ತಲುಪಿತ್ತು. "ಲಿಖಿತವಾಗಿ ಬಂದಿದೆ ಪುಟ್ಟರಾಜು ಅವರೇ" ಎಂದರು ಧರ್ಮೇಶ್. ಅವರ ದನಿಯಲ್ಲಿ ದುಃಖಕ್ಕಿಂತ ಕಡತ ಮುಗಿದ ನೆಮ್ಮದಿ ಹೆಚ್ಚಿತ್ತು. "ನಿಮ್ಮ ಮಗಳಿಗೆ ಯಾರೋ ಟೋಪಿ ಹಾಕಿದ್ದಾರೆ. ಇಲ್ಲ ನಿಮ್ಮ ಮಗಳು ನಿಮ್ಗೆ ಹಾಕಿದ್ದಾಳೆ. ಎರಡರಲ್ಲಿ ಯಾವುದು ಅಂತ ಠಾಣೆಯಲ್ಲಿ ಪತ್ತೆ ಹಚ್ಚಿಸಿ."

ಪುಟ್ಟರಾಜು ನಿಂತಲ್ಲಿಂದಲೇ ಮಗಳಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸ್ವಿಚ್ ಆಫ್. ವಿಮಾನದಲ್ಲಿರುವಾಗ ಅವಳ ಫೋನ್ ದಿನವೂ ಆಫ್ ಇರುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಅವಳು ವಿಮಾನದಲ್ಲಿದ್ದಾಳೆಯೇ ಎಂಬುದೇ ಈಗ ಪ್ರಶ್ನೆಯಾಗಿತ್ತಲ್ಲ. ಮುತ್ತಮ್ಮನನ್ನು ಕರೆಸಿಕೊಂಡು ಠಾಣೆಗೆ ಹೋದ. ಅಲ್ಲೊಬ್ಬರು ಹೆಡ್ ಕಾನ್ಸ್‌ಟೇಬಲ್ ಸಮಾಧಾನದಿಂದ ಪೆನ್ನು ಬಿಚ್ಚಿದರು.

"ಮಗಳು ಈಗ ಎಲ್ಲಿದ್ದಾಳೆ?"

"ವಿಮಾನದಲ್ಲಿ ಸಾರ್."

"ಯಾವ ವಿಮಾನ?"

"ಇಂದ್ರಧ್ವಜ."

"ಅವರು ಏನಂತಾರೆ?"

"ನಮ್ಮಲ್ಲಿಲ್ಲ ಅಂತಾರೆ."

"ಹಾಗಾದ್ರೆ ವಿಮಾನದಲ್ಲಿಲ್ಲ."

"ವಿಮಾನದಲ್ಲಿದ್ದಾಳೆ ಸಾರ್. ಇಂದ್ರಧ್ವಜದಲ್ಲಿಲ್ಲ."

"ವಿಮಾನ ಇಂದ್ರಧ್ವಜದ್ದು ತಾನೆ?"

"ಬಣ್ಣ ಅವರದ್ದು."

ಹೆಡ್ ಕಾನ್ಸ್‌ಟೇಬಲ್ ಪೆನ್ನು ಕೆಳಗಿಟ್ಟರು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವರು ಆನೆ ಕದ್ದ ದೂರನ್ನೂ, ಕದ್ದ ಆನೆಯೇ ಬಂದು ಠಾಣೆಯ ಹಲಸಿನ ಹಣ್ಣು ತಿಂದ ದೂರನ್ನೂ ದಾಖಲಿಸಿದ್ದರು. ಇಂಥದ್ದು ಬಂದಿರಲಿಲ್ಲ. "ನೋಡಿ ಯಜಮಾನ್ರೇ, ಎರಡು ದಾರಿ ಇದೆ" ಎಂದರು. "ಮಗಳು ಕಾಣೆಯಾಗಿದ್ದಾಳೆ ಅಂತ ಬರೆದ್ರೆ ಎಲ್ಲಿಂದ ಕಾಣೆಯಾದ್ಲು ಅಂತ ಹೇಳ್ಬೇಕು. ಕಂಪನಿ ಮೋಸ ಅಂತ ಬರೆದ್ರೆ ಏನು ಮೋಸ ಅಂತ ಹೇಳ್ಬೇಕು. ಸಂಬಳ ಬರ್ತಿದೆಯಾ?"

"ಒಂದನೇ ತಾರೀಕಿಗೆ ಸರಿಯಾಗಿ" ಎಂದಳು ಮುತ್ತಮ್ಮ.

"ಸಂಬಳ ಸರಿಯಾಗಿ ಕೊಡೋ ಮೋಸಗಾರರನ್ನ ನಾನಂತೂ ಕಂಡಿಲ್ಲಮ್ಮ. ಸಿಕ್ಕಿದ್ರೆ ನಮ್ಮ ಹುಡುಗನಿಗೂ ಒಂದು ಮಾತು ಹೇಳಿ."

ಅಷ್ಟರಲ್ಲಿ ಪುಟ್ಟರಾಜುವಿನ ಫೋನ್ ಹೊಡೆದುಕೊಂಡಿತು. ಅನುಶ್ರೀ ಚೆನ್ನೈಯಲ್ಲಿ ಇಳಿದು ಫೋನ್ ಆನ್ ಮಾಡಿದ್ದಳು. ಅಪ್ಪನಿಂದ ಹದಿನೇಳು ಕರೆ ಬಂದಿದ್ದವು. ಧರ್ಮೇಶರಿಂದ ಒಂದು ಪಿಡಿಎಫ್ ಕೂಡ ಬಂದಿತ್ತು. ಪುಟ್ಟರಾಜು ಸ್ಪೀಕರ್ ಹಾಕಿದ. ಮಗಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಅಪ್ಪ, ಅವರು ಸುಳ್ಳು ಹೇಳಿಲ್ಲ. ನಾನು ಅವರ ನೌಕರಳಲ್ಲ. ಮೊದಲ್ನೇ ದಿನವೇ ಹೇಳಿದ್ದೆ. ನನ್ನ ಕಂಪನಿ ಹೆಸರು ಹೇಳೋಕೆ ನಿನಗೆ ನಾಚಿಕೆ ಆಯ್ತು, ಅಷ್ಟೇ" ಎಂದಳು. "ಸೂರಕ್ಕಿಯವರಿಗೆ ಒಂದು ಮೇಲ್ ಹಾಕಿದ್ರೆ ಎರಡು ದಿನದಲ್ಲಿ ಪತ್ರ ಕೊಡ್ತಿದ್ರು. ಈಗ ನಿನ್ನ ಮೇಲ್ ನೋಡಿ ಇಂದ್ರಧ್ವಜದವರು ನಮ್ಮ ಕಂಪನಿಗೆ ನೋಟೀಸು ಕಳಿಸಿದ್ದಾರೆ. ನಿಮ್ಮ ನೌಕರರು ನಮ್ಮ ಹೆಸರು ದುರುಪಯೋಗ ಮಾಡ್ತಿದ್ದಾರೆ ಅಂತ. ನಾನು ವಿವರಣೆ ಬರ್ಕೊಡ್ಬೇಕು. ಸಾಕಾಗಿಲ್ಲ ಅಂದ್ರೆ ಕೆಲ್ಸ ಹೋಗ್ಬಹುದು."

ಹೆಡ್ ಕಾನ್ಸ್‌ಟೇಬಲ್ ಫ್ಯಾನಿನ ಕಡೆ ನೋಡಿದರು. ಸಂಜೆ ಏಣಿ ತೆಗೆದುಕೊಂಡು ಸರ್ಕಲ್ಲಿಗೆ ಹೋಗಿ ಅಭಿಮಾನಿ ಬಳಗವೇ ಖುದ್ದಾಗಿ ಫ್ಲೆಕ್ಸ್ ಬಿಚ್ಚಿತು.

ಮನೆಯಲ್ಲಿ ಮುತ್ತಮ್ಮ ಊಟಕ್ಕೆ ಬಡಿಸುತ್ತಾ ಹೇಳಿದಳು. "ಇದ್ರಲ್ಲಿ ಅರ್ಥ ಆಗ್ದೇ ಇರೋದೇನಿದೆ ಅಂತೀನಿ. ಮದುವೆ ಊಟ ಅಂದ್ರೆ ಕಾರ್ಡಿನ ಮೇಲೆ ಮನೆಯವರ ಹೆಸರು. ಬೆವರು ಸುರಿಸೋರು ಅಡುಗೆಯವರು. ಪಾಯಸ ಚೆನ್ನಾಗಿದ್ರೆ ಗೌಡ್ರು ಚೆನ್ನಾಗಿ ಮಾಡ್ಸಿದ್ರು ಅಂತಾರೆ. ಉಪ್ಪು ಜಾಸ್ತಿಯಾದ್ರೆ ಯಾವ ಅಡುಗೆಯವನೋ ಇವನು ಅಂತಾರೆ. ನಮ್ಮ ಮಗು ಅಡುಗೆಯವರ ಕಡೆಯೋಳು. ಅದ್ರಲ್ಲೇನು ಅವಮಾನ? ಅಡುಗೆಯವರಿಲ್ದೆ ಕಾರ್ಡ್ ತಿನ್ನಕ್ಕಾಗುತ್ತಾ?"

ಪುಟ್ಟರಾಜು ಮೊದಲ ಸಲ ವಿಷಯವನ್ನು ಕೊನೆಯವರೆಗೆ ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ಧರ್ಮೇಶರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದ. ಅಡುಗೆಯ ಉದಾಹರಣೆಯನ್ನೂ ಕೊಟ್ಟ. ಧರ್ಮೇಶ್ ಅಡುಗೆಯ ಉದಾಹರಣೆಯನ್ನು ದಾಖಲೆಯೆಂದು ಒಪ್ಪಲಿಲ್ಲ. "ಸ್ಥಳ ಮಹಜರು ಆಗ್ಬೇಕು" ಎಂದರು. "ನಾನೇ ಆ ವಿಮಾನದಲ್ಲಿ ಹೋಗಿ ನೋಡ್ತೀನಿ. ನೀವೂ ಬನ್ನಿ. ಸಾಕ್ಷಿಗೆ ಇನ್ನೊಬ್ಬರು ಬೇಕು."

ಸಾಕ್ಷಿಗೆ ಬೋಜಪ್ಪನವರಿಗಿಂತ ಒಳ್ಳೆಯ ಕಣ್ಣು ಆ ಊರಿನಲ್ಲಿ ಯಾರಿಗಿತ್ತು? ಅವರು ಕರೆಯುವ ಮೊದಲೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿದ್ದರು. ಮುಂದಿನ ಶನಿವಾರ ಮೂವರೂ ಮೈಸೂರಿನ ವಿಮಾನ ನಿಲ್ದಾಣದಲ್ಲಿದ್ದರು. ಅನುಶ್ರೀ ಇದ್ದ ಚೆನ್ನೈ ವಿಮಾನದಲ್ಲಿ ಹೋಗುವ ಟಿಕೆಟ್ಟೂ ಸಂಜೆ ಬರುವ ಟಿಕೆಟ್ಟೂ ಕೈಯಲ್ಲಿತ್ತು. ಧರ್ಮೇಶರ ಕಂಕುಳಲ್ಲಿ ಒಂದು ಕಡತ.

ಇಂದ್ರಧ್ವಜದ ಬೋರ್ಡು ಹಾಕಿದ್ದ ಕೌಂಟರಿನಲ್ಲಿದ್ದ ಹುಡುಗಿಯನ್ನು ಧರ್ಮೇಶ್ ಕೇಳಿದರು. "ನೀವು ಇಂದ್ರಧ್ವಜದವರೋ, ಸೂರಕ್ಕಿಯವರೋ?"

"ಎರಡೂ ಅಲ್ಲ ಸಾರ್. ಕೌಂಟರ್ ನೋಡ್ಕೊಳ್ಳೋಕೆ ನಮ್ಮದು ಬೇರೆ ಕಂಪನಿ."

ಧರ್ಮೇಶ್ ಬರೆದುಕೊಂಡರು. ಬ್ಯಾಗು ಹೊರುತ್ತಿದ್ದವನನ್ನು ಕೇಳಿದರು. ಅವನು ಗುತ್ತಿಗೆಯವನು. ವಿಮಾನದವರೆಗೆ ಕರೆದೊಯ್ದ ಬಸ್ಸಿನ ಡ್ರೈವರನನ್ನು ಕೇಳಿದರು. ಅವನು ಇನ್ನೊಂದು ಗುತ್ತಿಗೆಯವನು, ಅದೂ ಅವತ್ತು ರಜೆಯಲ್ಲಿದ್ದ ತಮ್ಮನ ಬದಲಿಗೆ ಬಂದವನು. ಧರ್ಮೇಶರ ಕೈಬರಹ ಸಣ್ಣದಾಗುತ್ತಾ ಹೋಯಿತು.

ವಿಮಾನ ಕಂಡಾಗ ಪುಟ್ಟರಾಜುವಿನ ಎದೆ ಸ್ವಲ್ಪ ಕುಗ್ಗಿದ್ದು ನಿಜ. ಒಂದೇ ಮಹಡಿ, ಎರಡು ಎಂಜಿನ್ನು, ಎರಡಕ್ಕೂ ಮುಂದೆ ದೊಡ್ಡ ಫ್ಯಾನು. "ಟೇಬಲ್ ಫ್ಯಾನಿನ ಅಣ್ಣ" ಎಂದರು ಬೋಜಪ್ಪನವರು. ಬಾಲದ ಮೇಲೆ ಇಂದ್ರಧ್ವಜ ಎಂದು ಆಳೆತ್ತರದ ಅಕ್ಷರ. ಬಾಗಿಲ ಪಕ್ಕದಲ್ಲಿ ಗೇಣುದ್ದದ್ದು: ಸೂರಕ್ಕಿ ಏರ್. ಬಾಗಿಲಲ್ಲಿ ಅನುಶ್ರೀ ನಿಂತಿದ್ದಳು. ಅಪ್ಪನಿಗೂ, ಅಪ್ಪನ ಹಿಂದಿದ್ದ ಅಪರಿಚಿತನಿಗೂ ಒಂದೇ ಅಳತೆಯ ನಮಸ್ಕಾರ ಮಾಡಿದಳು. ಪುಟ್ಟರಾಜು, "ಅನು" ಎಂದ. "ಹದಿನಾಲ್ಕು ಸಿ, ಎಡಗಡೆ ಸಾರ್" ಎಂದಳು ಮಗಳು.

ಬಾಗಿಲು ಮುಚ್ಚಿತು. ಧ್ವನಿವರ್ಧಕದಲ್ಲಿ ಅನುಶ್ರೀಯ ಸ್ವರ ಬಂತು. "ಇಂದ್ರಧ್ವಜ ಏರ್‌ವೇಸ್ ಪರವಾಗಿ ಸೂರಕ್ಕಿ ಏರ್ ನಡೆಸುತ್ತಿರುವ ಈ ವಿಮಾನಕ್ಕೆ ತಮಗೆಲ್ಲ ಸ್ವಾಗತ."

"ನೋಡಿ" ಎಂದರು ಬೋಜಪ್ಪನವರು, ಧರ್ಮೇಶರನ್ನು ಮೊಣಕೈಯಲ್ಲಿ ತಿವಿದು. "ಮೈಕಿನಲ್ಲೇ ಹೇಳಿದ್ಳಲ್ಲ ಮಾರಾಯ್ರೆ. ಇನ್ನೆಂಥ ಮಹಜರು?"

ಆದರೆ ಧರ್ಮೇಶರ ಕಣ್ಣು ಬಾಗಿಲಿನ ಮೇಲ್ಭಾಗದಲ್ಲಿ ಹೊಡೆದಿದ್ದ ಒಂದು ಪುಟ್ಟ ತಗಡಿನ ಮೇಲೆ ಬಿದ್ದಿತ್ತು. ಅದರಲ್ಲಿ ಏನೋ ಕೆತ್ತಿತ್ತು. ವಿಮಾನ ಮೇಲೇರಿ ಮೋಡದೊಳಗೆ ಹೊಕ್ಕು ಗಡಗಡ ನಡುಗುತ್ತಿದ್ದಾಗ, ಬೆಲ್ಟಿನ ದೀಪ ಉರಿಯುತ್ತಿದ್ದರೂ, ಅವರು ಬೆಲ್ಟು ಬಿಚ್ಚಿ ಕಡತ ಹಿಡಿದು ಎದ್ದು ತಗಡಿನ ಕಡೆಗೆ ನಡೆದರು. ಎರಡು ಹೆಜ್ಜೆ ಹೋಗುವಷ್ಟರಲ್ಲಿ ವಿಮಾನ ಒಮ್ಮೆ ಜಗ್ಗಿತು. ಕಡತ ಬಿಚ್ಚಿಕೊಂಡು ಹಾಳೆಗಳೆಲ್ಲ ಪ್ರಯಾಣಿಕರ ತಲೆಯ ಮೇಲೆ ಹಾರಿದವು. ಧರ್ಮೇಶ್ ಯಾರದೋ ಅಜ್ಜಿಯ ತೊಡೆಯ ಮೇಲೆ ಕುಳಿತರು. ಅಜ್ಜಿ ತಮಿಳಿನಲ್ಲಿ ಅವರ ವಂಶವನ್ನು ವಿಚಾರಿಸಿದರು.

"ಸಾರ್, ಕೂತ್ಕೊಳ್ಳಿ" ಎಂದಳು ಅನುಶ್ರೀ, ತನ್ನ ಸೀಟಿನಿಂದಲೇ. ದನಿ ಎತ್ತರಿಸಲಿಲ್ಲ.

"ನಾನು ಮಹಜರು..."

"ಕೂತ್ಕೊಳ್ಳಿ. ಬೆಲ್ಟ್ ಹಾಕಿ."

ಸರ್ಕಾರಿ ಸೇವೆಯಲ್ಲಿ ಇಪ್ಪತ್ತೆಂಟು ವರ್ಷ ಬೇರೆಯವರನ್ನು ಕೂರಿಸದೆ ನಿಲ್ಲಿಸಿದ್ದ ಮನುಷ್ಯ ಸದ್ದಿಲ್ಲದೆ ಕುಳಿತರು. ಚೆನ್ನೈವರೆಗೆ ಮತ್ತೆ ಏಳಲಿಲ್ಲ. ಪುಟ್ಟರಾಜು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಅವನಿಗೆ ಹೆಮ್ಮೆಯಾಗಿತ್ತು, ಅದನ್ನು ಬೀಗರಿಗೆ ತೋರಿಸುವಂತಿರಲಿಲ್ಲ.

ವಿಮಾನ ಇಳಿದು ಎಲ್ಲರೂ ಹೋದ ಮೇಲೆ ಈ ಮೂವರೇ ಉಳಿದರು. ಹಾಳೆಗಳನ್ನು ಆಯ್ದುಕೊಂಡು ಧರ್ಮೇಶ್ ಬಾಗಿಲಿಗೆ ಬಂದು ತಗಡಿನ ಕೆಳಗೆ ಕತ್ತೆತ್ತಿ ನಿಂತರು. ಅಕ್ಷರ ಕಾಣಲಿಲ್ಲ. ಬೋಜಪ್ಪನವರು ಓದಿ ಹೇಳಿದರು. ಈ ವಿಮಾನದ ಮಾಲೀಕರು ಐರ್ಲೆಂಡ್ ದೇಶದ ಒಂದು ಕಂಪನಿಯಂತೆ.

"ಅಂದ್ರೆ ವಿಮಾನ ಸೂರಕ್ಕಿಯದ್ದೂ ಅಲ್ವಾ?" ಧರ್ಮೇಶ್ ಮತ್ತೆ ಪೆನ್ನು ತೆಗೆದರು.

"ಬಾಡಿಗೆದು ಸಾರ್" ಎಂದಳು ಅನುಶ್ರೀ.

ಅಷ್ಟರಲ್ಲಿ ಪೈಲಟ್ ಹೊರಗೆ ಬಂದರು. ನಡುವಯಸ್ಸಿನ ಹೆಂಗಸು, ಭುಜದ ಮೇಲೆ ನಾಲ್ಕು ಪಟ್ಟಿ. "ಏನಾಯ್ತು ಅನು?" ಎಂದು ಕೇಳಿದರು.

"ನಮ್ಮಪ್ಪ ಮೇಡಂ. ಇವರು ಪಕ್ಕದ ಮನೆಯವರು. ಇವರು, ನನ್ನನ್ನ ನೋಡೋಕೆ ಬಂದಿದ್ದ ಹುಡುಗನ ಮಾವ. ನಾನು ಯಾವ ಕಂಪನಿಯವಳು ಅಂತ ತಿಳ್ಕೊಳ್ಳೋಕೆ ಬಂದಿದ್ದಾರೆ."

"ಇಲ್ಲಿವರೆಗೆ ಕ್ಷೇಮವಾಗಿ ಬಂದ್ರಲ್ಲ, ಅಷ್ಟೂ ಸೂರಕ್ಕಿ" ಎಂದರು ಪೈಲಟ್, ಧರ್ಮೇಶರಿಗೆ. "ಇವಳ ವಿವರಣೆ ಪತ್ರ ನಾನೂ ನೋಡ್ದೆ. ಆ ನೋಟೀಸಿನ ವಿಷಯ ಮುಗೀತು ಅನು, ನಿನ್ನೆ ಆಫೀಸಿನಿಂದ ಹೇಳಿದ್ರು." ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು.

ಪುಟ್ಟರಾಜುವಿಗೆ ಒಂದು ವಾರದಿಂದ ಕಟ್ಟಿದ್ದ ಉಸಿರು ಬಿಟ್ಟಂತಾಯಿತು. ಧರ್ಮೇಶರ ಮುಖವೂ ತಿಳಿಯಾಯಿತು. ಅಧಿಕಾರ ಇದ್ದವರು ಬಾಯಲ್ಲಿ ಹೇಳಿದ್ದನ್ನು ಅವರು ಅರ್ಧ ದಾಖಲೆಯೆಂದು ಪರಿಗಣಿಸುತ್ತಿದ್ದರು. ಕಡತ ಮುಚ್ಚಿ, "ಸರಿ. ನಾವು ತೃಪ್ತರಾಗಿದ್ದೇವೆ. ನಿಶ್ಚಿತಾರ್ಥ ಮುಂದುವರಿಸಬಹುದು" ಎಂದರು.

"ಯಾರು ತೃಪ್ತರಾದ್ರು ಸಾರ್?" ಎಂದು ಕೇಳಿದಳು ಅನುಶ್ರೀ. "ನವೀನ್ ಯಾಕೆ ಬರ್ಲಿಲ್ಲ?"

"ಅವನ ಪರವಾಗಿ ನಾನೇ ಬಂದಿದ್ದೀನಲ್ಲಮ್ಮ."

"ಅವತ್ತು ಮನೆಗೆ ಬಂದಾಗಲೂ ಅವರ ಪರವಾಗಿ ನೀವೇ ಮಾತಾಡಿದ್ರಿ. ಒಪ್ಪಿಗೇನೂ ನೀವೇ ಹೇಳಿದ್ರಿ. ತಡೆಹಿಡಿದಿದ್ದೂ ನೀವೇ. ಇಂದ್ರಧ್ವಜದವರು ವಾಸಿ ಸಾರ್. ವಿಮಾನ ನಡೆಸೋರು ಯಾರು ಅಂತ ಸಣ್ಣಕ್ಷರದಲ್ಲಾದ್ರೂ ಬರೆದಿರ್ತಾರೆ. ನಿಮ್ಮ ಹುಡುಗನ ಮೇಲೆ ಅದೂ ಬರೆದಿಲ್ಲ."

ಅಷ್ಟು ಹೇಳಿ ಎರಡೂ ಕೈ ಜೋಡಿಸಿ, "ನಮ್ಮೊಂದಿಗೆ ಪ್ರಯಾಣಿಸಿದ್ದಕ್ಕೆ ಧನ್ಯವಾದಗಳು" ಎಂದಳು. ಬೋಜಪ್ಪನವರಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

ಧರ್ಮೇಶರ ದುರದೃಷ್ಟಕ್ಕೆ ಸಂಜೆ ವಾಪಸ್ ಹೋಗುವುದೂ ಅದೇ ವಿಮಾನ, ಅದೇ ಬಾಗಿಲು, ಅದೇ ನಮಸ್ಕಾರ. ಆ ಒಂದು ಗಂಟೆ ಅವರು ಬೆಲ್ಟನ್ನು ಎರಡು ಕೈಯಲ್ಲಿ ಹಿಡಿದು ಮುಂದಿನ ಸೀಟಿನ ಬೆನ್ನನ್ನು ನೋಡುತ್ತಾ ಕುಳಿತಿದ್ದರು. ನೀರು ಬೇಕೇ ಎಂದು ಅನುಶ್ರೀ ಕೇಳಿದಾಗ ಬೇಡವೆಂದು ಕೈಯಾಡಿಸಿದರು. ಮೈಸೂರಿನಲ್ಲಿ ಇಳಿದವರು ಯಾರಿಗೂ ಹೇಳದೆ ಸಿಕ್ಕಿದ ಟ್ಯಾಕ್ಸಿ ಹತ್ತಿ ಹೋದರು.

ಸಂಬಂಧ ಮುರಿಯಿತೆಂದೇ ಪುಟ್ಟರಾಜು ಅಂದುಕೊಂಡ. ಮನೆಯಲ್ಲಿ ಒಂದು ವಾರ ಆ ಮಾತು ಯಾರೂ ಎತ್ತಲಿಲ್ಲ. ಮುಂದಿನ ಭಾನುವಾರ ಅನುಶ್ರೀ ರಜೆಗೆ ಬಂದಿದ್ದಳು. ಮಧ್ಯಾಹ್ನ ಊಟ ಮುಗಿಸಿ ಪುಟ್ಟರಾಜು ಜಗಲಿಯಲ್ಲಿ ಕಾಲು ಚಾಚಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಮಸ್ಕಾರ, ನಾನು ನವೀನ್." ಸ್ವರ ಸಣ್ಣಗೆ ನಡುಗುತ್ತಿತ್ತು. ಪುಟ್ಟರಾಜು ಆ ಸ್ವರವನ್ನು ಕೇಳುತ್ತಿದ್ದುದು ಅದೇ ಮೊದಲು. "ಮಾವ ಎಲ್ಲ ಹೇಳಿದ್ರು. ಅವರಿಗೆ ಸಿಟ್ಟು ಬಂದಿದೆ. ನನಗೆ ಬಂದಿಲ್ಲ. ಹೇಳೋದು ಏನಂದ್ರೆ... ಅನುಶ್ರೀಯವರ ಹತ್ರ ಎರಡು ಮಾತು ಆಡ್ಬಹುದಾ ಅಂತ. ನಾನೇ."

"ಮಾವ ಪಕ್ಕದಲ್ಲಿದ್ದಾರೇನಪ್ಪ?"

"ಇಲ್ಲ. ನಾನು ಅಂಗಡಿಗೆ ಬೀಗ ಹಾಕ್ಕೊಂಡು ಒಳಗೆ ಕೂತಿದ್ದೀನಿ."

ಪುಟ್ಟರಾಜು ಗಂಟಲು ಸರಿಪಡಿಸಿಕೊಂಡ. "ನೋಡಪ್ಪ ನವೀನ್, ಅನು ಪರವಾಗಿ ನಾನೊಂದು ಮಾತು ಹೇಳೋದಾದ್ರೆ..." ಎನ್ನುತ್ತಿರುವಾಗಲೇ ಮುತ್ತಮ್ಮ ಬಂದು ಫೋನನ್ನು ಅವನ ಕಿವಿಯಿಂದ ಕಿತ್ತು ಒಳಗೆ ಕೊಂಡೊಯ್ದು ಮಗಳ ಕೈಗಿಟ್ಟಳು. ಕೋಣೆಯ ಬಾಗಿಲು ಮುಚ್ಚಿತು.

ಮುಕ್ಕಾಲು ಗಂಟೆ ಕಳೆದರೂ ತೆರೆಯಲಿಲ್ಲ. ಮಧ್ಯೆ ಒಂದು ಸಲ ನಗು ಕೇಳಿಸಿತು. ಪುಟ್ಟರಾಜು ಎರಡು ಸಲ ನೀರು ಕುಡಿಯುವ ನೆಪದಲ್ಲಿ ಆ ಬಾಗಿಲ ಮುಂದೆ ಹಾದುಹೋದ. ಮೂರನೆಯ ಸಲ ಮುತ್ತಮ್ಮ ಚೆಂಬನ್ನೇ ಜಗಲಿಗೆ ತಂದು ಕುಕ್ಕಿದಳು.

ಬೇಲಿಯಾಚೆಯಿಂದ ಬೋಜಪ್ಪನವರು ಕತ್ತು ಉದ್ದ ಮಾಡಿದರು. "ಎಂತ ಆಯ್ತು ಪುಟ್ಟರಾಜು? ಹುಡುಗ ಫೋನ್ ಮಾಡಿದ್ನಂತಲ್ಲ. ಏನು ಹೇಳ್ದ? ಮಗ್ಳು ಏನಂದ್ಳು?"

ಪುಟ್ಟರಾಜು ಬಾಯಿ ತೆರೆದ. ಹೇಳಲು ಅವನ ಬಳಿ ಬೇಕಾದಷ್ಟಿತ್ತು, ಎಲ್ಲ ದಪ್ಪಕ್ಷರದ್ದೇ. ಆದರೂ ಬಾಯಿ ಮುಚ್ಚಿಕೊಂಡ.

"ನಂಗೊತ್ತಿಲ್ಲ ಬೋಜಪ್ಪಣ್ಣ" ಎಂದ. "ಅವಳು ಹೊರಗೆ ಬರ್ಲಿ. ಅವಳನ್ನೇ ಕೇಳಿ."